ಬಿ ಫಾರ್ಮ್ ಬಂದ ದಿನದಿಂದ ಬೂತ್ ಏಜೆಂಟ್ ಊಟದ ತನಕ: ಕ್ಯಾಂಪೇನ್ ಒಳಜಗಳ ನಿಭಾಯಿಸೋದು ಹೇಗೆ

2018ರ ವಿಧಾನಸಭಾ ಎಲೆಕ್ಷನ್ ದಿನ ಮಧ್ಯಾಹ್ನ ಒಂದೂವರೆ ಹೊತ್ತಿಗೆ ನಂಗೊಂದು ಫೋನ್ ಬಂತು. ನಮ್ಮ ಕ್ಷೇತ್ರದ ಒಂದು ಸಣ್ಣ ಊರಿನ ಬೂತಲ್ಲಿ ನಮ್ಮ ಕ್ಯಾಂಡಿಡೇಟ್ ಪರವಾಗಿ ಮತದಾನ ನೋಡ್ಕೊಳ್ಳೋಕೆ ಕೂತಿದ್ದ ನಮ್ಮ ಏಜೆಂಟ್, ಇನ್ನೂ ಡಿಗ್ರಿ ಓದ್ತಿದ್ದ ಹುಡುಗ, ಹೊರಗೆ ಬಂದು ಯಾರದೋ ಫೋನ್ ಇಸ್ಕೊಂಡು ಮಾಡಿದ್ದ. "ಅಣ್ಣ, ಬೆಳಗ್ಗೆ ಐದೂವರೆಗೆ ಬಂದೋನು, ಇದುವರ್ಗೂ ಒಂದು ಲೋಟ ಟೀ ಬಂದಿಲ್ಲ. ಆ ಪಾರ್ಟಿಯೋರು ಅವರ ಹುಡುಗಂಗೆ ಇಡ್ಲಿ ತಂದ್ಕೊಟ್ರು, ನನ್ನೂ ಬಾ ತಿನ್ನು ಅಂದ್ರು, ನಾಚಿಕೆ ಆಗೋಯ್ತಣ್ಣ, ನಾನು ಮನೆಗೆ ಹೋಗ್ತೀನಿ" ಅಂದ. ಆ ಊರಲ್ಲಿ ನಮ್ಮ ಪಾರ್ಟಿಯೋರೇ ಎರಡು ಗುಂಪು, ಒಂದು ಡೇರಿ ಅಧ್ಯಕ್ಷರದ್ದು, ಇನ್ನೊಂದು ಹಳೇ ಪಂಚಾಯ್ತಿ ಮೆಂಬರ್‌ದು. ಊಟದ ದುಡ್ಡು ಅವರಿಗೆ ಹೋಗಿದೆ ಅಂತ ಇವರು, ಇವರಿಗೆ ಹೋಗಿದೆ ಅಂತ ಅವರು, ಇಬ್ಬರೂ ಸಿಟ್ಟು ಮಾಡ್ಕೊಂಡು ಮನೇಲಿ ಕೂತಿದ್ರು. ನಿಜ ಏನಂದ್ರೆ ದುಡ್ಡು ಇಬ್ಬರಿಗೂ ಹೋಗಿರಲಿಲ್ಲ, ಹೋಬಳಿ ಉಸ್ತುವಾರಿ ಹತ್ರಾನೇ ಉಳ್ಕೊಂಡಿತ್ತು. ಯಾಕಂದ್ರೆ ಯಾರಿಗೆ ಕೊಡ್ಬೇಕು ಅಂತ ನಾವು ಅವರಿಗೆ ಹೇಳೇ ಇರಲಿಲ್ಲ. ತಪ್ಪು ನಂದೇ, ಲಿಸ್ಟ್ ಮಾಡ್ಬೇಕಾಗಿದ್ದೋನು ನಾನು.

ಅವತ್ತಿಂದ ನಂಗೆ ಒಂದು ವಿಷ್ಯ ಮನಸ್ಸಿಗೆ ನಾಟಿದೆ. ಕ್ಯಾಂಪೇನ್ ಒಳಗಿನ ಜಗಳ ಅಂತ ನಾವು ಏನ್ ಕರೀತೀವಲ್ಲ ಅದ್ರಲ್ಲಿ ಮುಕ್ಕಾಲು ಪಾಲು ಸಿದ್ಧಾಂತದ್ದೂ ಅಲ್ಲ, ಜಾತೀದೂ ಅಲ್ಲ, ಯಾರು ಏನ್ ಮಾಡ್ಬೇಕು ಅಂತ ಯಾರೂ ಬರೆದಿಡದೇ ಇರೋದ್ರಿಂದ ಹುಟ್ಟೋದು. ಇರೋ ಹಳೇ ಮುನಿಸಿಗೆ ಈ ಅವ್ಯವಸ್ಥೆ ಸೀಮೆಎಣ್ಣೆ ಸುರಿಯತ್ತೆ. ಹಳೇ ಮುನಿಸನ್ನ ಹದಿನೈದು ದಿನದಲ್ಲಿ ಯಾರ ಕೈಲೂ ವಾಸಿ ಮಾಡಕ್ಕಾಗಲ್ಲ, ಆದ್ರೆ ಅವ್ಯವಸ್ಥೆಯನ್ನ ಸರಿ ಮಾಡ್ಬೋದು. ಎರಡು ವಿಧಾನಸಭಾ ಎಲೆಕ್ಷನ್ನಲ್ಲಿ ತಾಲೂಕು ಲೆವೆಲ್ ಆಫೀಸ್ ನೋಡ್ಕೊಂಡ ಅನುಭವದಿಂದ ಬರೀತಿದೀನಿ, ಯಾವ ಪಾರ್ಟಿ ಯಾವ ಕ್ಷೇತ್ರ ಅಂತ ಹೇಳಲ್ಲ, ಎಲ್ಲಾ ಪಾರ್ಟೀಲೂ ಕಥೆ ಇದೇ. ಮೊದಲ ಸಲ ಒಬ್ಬ ಕ್ಯಾಂಡಿಡೇಟ್ ಆಫೀಸಿನ ಜವಾಬ್ದಾರಿ ನಿಮ್ಮ ತಲೆ ಮೇಲೆ ಬಿದ್ದಿದ್ರೆ ಈ ಲೇಖನ ನಿಮಗೇ.

ಮೊದಲ ದಿನ: ಟಿಕೆಟ್ ಸಿಗದೇ ಇರೋರ ಮನೆ

ಟೈಮ್ ಎಷ್ಟು ಕಮ್ಮಿ ಇರತ್ತೆ ಅಂತ ಮೊದ್ಲು ನೋಡಿ. 2023ರಲ್ಲಿ ಏಪ್ರಿಲ್ 13ಕ್ಕೆ ನೋಟಿಫಿಕೇಶನ್, 20ಕ್ಕೆ ನಾಮಪತ್ರಕ್ಕೆ ಕೊನೇ ದಿನ, 24ಕ್ಕೆ ವಾಪಸ್ ತಗೊಳ್ಳೋಕೆ ಕೊನೇ ದಿನ, ಮೇ 10ಕ್ಕೆ ಮತದಾನ, ಬಹಿರಂಗ ಪ್ರಚಾರ 8ನೇ ತಾರೀಖು ಸಂಜೆಗೆ ಬಂದ್. ಅಂದ್ರೆ ಕಣದಲ್ಲಿ ಯಾರ್ ಯಾರಿದ್ದಾರೆ ಅಂತ ಗೊತ್ತಾದ ಮೇಲೆ ಬರೀ ಎರಡು ವಾರ. ಬಿಜೆಪಿ ಮೊದಲ ಪಟ್ಟಿ 189 ಹೆಸರು ಬಂದಿದ್ದೇ ಏಪ್ರಿಲ್ 11ಕ್ಕೆ. ಐದು ವರ್ಷದಿಂದ ಗಣಪತಿ ಪೆಂಡಾಲಿಗೆ ದುಡ್ಡು ಕೊಟ್ಟು, ಕ್ರಿಕೆಟ್ ಟೂರ್ನಮೆಂಟ್ ಮಾಡ್ಸಿ, ಊರೂರಿನ ಸಾವಿಗೆ ತಿಥಿಗೆ ಹೋಗಿ ಬಂದಿರೋ ಮನುಷ್ಯ ತನಗೆ ಟಿಕೆಟ್ ಇಲ್ಲ ಅನ್ನೋದನ್ನ ಟಿವಿ ನೋಡಿ ತಿಳ್ಕೊತಾನೆ. ಆ ರಾತ್ರಿ ಅವರ ಮನೆ ಮುಂದೆ ಬೆಂಬಲಿಗರು ಸೇರ್ತಾರೆ, ಯಾರೋ ಕಣ್ಣೀರು ಹಾಕ್ತಾರೆ, ಯಾರೋ "ಅಣ್ಣ ಪಕ್ಷೇತರ ನಿಂತ್ಕೊಳ್ಳಿ ನಾವಿದೀವಿ" ಅಂತಾರೆ.

ಅದಾಗಿ 24 ಗಂಟೆ ಒಳಗೆ ನಿಮ್ಮ ಕ್ಯಾಂಡಿಡೇಟ್ ಆ ಮನೆ ಬಾಗಿಲಲ್ಲಿ ಇರ್ಬೇಕು. ಒಬ್ಬರೇ, ಹೆಚ್ಚಂದ್ರೆ ಆ ಮನೆಗೂ ಬೇಕಾದ ಒಬ್ಬ ಹಿರಿಯರ ಜೊತೆ. ಕ್ಯಾಮೆರಾ ಬೇಡ, ಹಾರ ಬೇಡ, ಪಟಾಕಿ ಹೊಡಿಯೋ ಹುಡುಗ್ರು ಆ ಬೀದಿಗೇ ಬರ್ಬಾರ್ದು. ಎಷ್ಟೋ ಕಡೆ ಏನ್ ಮಾಡ್ತಾರೆ ಅಂದ್ರೆ ಟಿಕೆಟ್ ಅನೌನ್ಸ್ ಆದ ತಕ್ಷಣ ಮೆರವಣಿಗೆ, ಅದೂ ಸೋತ ಆಕಾಂಕ್ಷಿ ಮನೆ ಮುಂದೇನೇ ತಮಟೆ ಬಡ್ಕೊಂಡು, ಆಮೇಲೆ ನಾಲ್ಕು ದಿನ ಬಿಟ್ಟು ಯಾರೋ ರಾಜ್ಯ ನಾಯಕರಿಂದ ಒಂದು ಫೋನ್. ಅಷ್ಟೊತ್ತಿಗೆ ಅವರು ಬೆಂಬಲಿಗರ ಸಭೇಲಿ ಮೈಕ್ ಹಿಡ್ದು ಮಾತಾಡಿ ಆಗಿರತ್ತೆ, ಮೈಕಲ್ಲಿ ಹೇಳಿದ ಮಾತನ್ನ ವಾಪಸ್ ತಗೊಳ್ಳೋದು ಯಾರಿಗಾದ್ರೂ ಕಷ್ಟ.

ಅಲ್ಲಿ ಹೋಗಿ ಏನ್ ಮಾತಾಡ್ಬೇಕು? ಮೊದ್ಲು ಅವರು ಬೈಯೋಕೆ ಬಿಡಿ, ಅರ್ಧ ಗಂಟೆ ಆದ್ರೂ ಸರಿ ಬೈಸ್ಕೊಳ್ಳಿ. ನಿಗಮ ಮಂಡಳಿ ಕೊಡಿಸ್ತೀನಿ, ಎಂಎಲ್‌ಸಿ ಮಾಡಿಸ್ತೀನಿ ಅಂತ ಬಾಯಿಗೆ ಬಂದಂಗೆ ಹೇಳ್ಬೇಡಿ, ಅದು ನಿಮ್ಮ ಕೈಲಿಲ್ಲ ಅಂತ ಅವರಿಗೂ ಗೊತ್ತು. ಬದಲಿಗೆ ನಿಮ್ಮ ಕೈಲಿ ಇರೋದನ್ನ ಕೊಡಿ: ಅವರ ಹೋಬಳಿಯ ಬೂತ್ ಕಮಿಟಿ ಅವರು ಹೇಳ್ದಂಗೇ ಇರತ್ತೆ, ಅವರ ಹುಡುಗ್ರನ್ನ ಯಾರೂ ಕಿತ್ತಾಕಲ್ಲ, ಅವರ ಊರಿಗೆ ಅವರಿಲ್ಲದೇ ಪ್ರಚಾರಕ್ಕೆ ಬರಲ್ಲ. ಇಷ್ಟನ್ನ ಅಲ್ಲೇ ಮಾತು ಕೊಟ್ಟು ಮಾರನೇ ದಿನವೇ ಮಾಡಿ ತೋರಿಸಿ.

ಇದನ್ನ ಹಗುರ ತಗೊಂಡ್ರೆ ಏನಾಗತ್ತೆ ಅನ್ನೋದಕ್ಕೆ 2023ರ ಪುತ್ತೂರು ನೋಡಿ. ಬಿಜೆಪಿಯ ಹಾಲಿ ಶಾಸಕ ಸಂಜೀವ ಮಠಂದೂರು ಅವರಿಗೆ ಟಿಕೆಟ್ ತಪ್ತು, ಆಕಾಂಕ್ಷಿ ಅರುಣ್ ಕುಮಾರ್ ಪುತ್ತಿಲ ಅವರಿಗೂ ಸಿಗಲಿಲ್ಲ, ಆಶಾ ತಿಮ್ಮಪ್ಪ ಕ್ಯಾಂಡಿಡೇಟ್ ಆದ್ರು. ಪುತ್ತಿಲ ಪಕ್ಷೇತರ ನಿಂತ್ರು. ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ಅವರಿಗೆ 66,607, ಪುತ್ತಿಲ ಅವರಿಗೆ 62,458, ಬಿಜೆಪಿ 37,558 ತಗೊಂಡು ಮೂರನೇ ಸ್ಥಾನ. ಎರಡು ಮತ್ತು ಮೂರನೇ ಸ್ಥಾನದ ವೋಟು ಕೂಡಿಸಿ ನೋಡಿ, ಆ ಕ್ಷೇತ್ರ ಯಾರ ಕೈಲಿತ್ತು ಅಂತ ಗೊತ್ತಾಗತ್ತೆ. ಮಾರನೇ ವರ್ಷ ಲೋಕಸಭಾ ಎಲೆಕ್ಷನ್ ಮುಂಚೆ ಅದೇ ಪುತ್ತಿಲ ಬಿಜೆಪಿಗೆ ಬಂದ್ರು, ಅಂದ್ರೆ ಮನಸ್ಸು ಅಷ್ಟೇನೂ ದೂರ ಹೋಗಿರಲಿಲ್ಲ.

ಹಾಸನದ್ದು ಇನ್ನೊಂದು ಥರ. ಅದೇ 2023ರಲ್ಲಿ ಜೆಡಿಎಸ್ ಟಿಕೆಟ್ ದೇವೇಗೌಡ್ರ ಸೊಸೆ ಭವಾನಿ ರೇವಣ್ಣ ಅವರಿಗಾ ಸ್ವರೂಪ್ ಅವರಿಗಾ ಅಂತ ಜನವರಿಯಿಂದ ಏಪ್ರಿಲ್ ತನಕ ಮನೆಮಂದಿ ನಡುವೇನೇ ಬಹಿರಂಗವಾಗಿ ಎಳೆದಾಟ ಆಯ್ತು, ದಿನಾ ಪೇಪರಲ್ಲಿ ಸುದ್ದಿ. ಕೊನೆಗೆ ಸ್ವರೂಪ್‌ಗೆ ಕೊಟ್ರು, ಸುಮಾರು 7,800 ವೋಟಲ್ಲಿ ಗೆದ್ರು. ಅಂದ್ರೆ ಜಗಳ ಆಗಿದ್ದಕ್ಕೇ ಸೋಲಲ್ಲ ಕಣ್ರಿ. ತೀರ್ಮಾನ ಆದ ಮೇಲೆ ಎರಡೂ ಕಡೆಯೋರು ಒಂದೇ ಕ್ಯಾಂಡಿಡೇಟ್ ಹಿಂದೆ ನಿಂತ್ರೆ ಮೂರು ತಿಂಗಳ ಜಗಳಾನೂ ದಾಟ್ಬೋದು.

ಎರಡನೇ ಕೆಲಸ: ಒಂದು ಹಾಳೇಲಿ ಐದು ಹೆಸರು

ಬಿ ಫಾರ್ಮ್, ಅಂದ್ರೆ ಇವರೇ ನಮ್ಮ ಕ್ಯಾಂಡಿಡೇಟ್ ಅಂತ ಪಾರ್ಟಿ ಕೊಡೋ ಪತ್ರ, ಕೈಗೆ ಬಂದ ರಾತ್ರಿ, ನಾಮಪತ್ರಕ್ಕೆ ಮುಂಚೆ, ಕ್ಯಾಂಡಿಡೇಟನ್ನ ಕೂರಿಸ್ಕೊಂಡು ಒಂದು ಹಾಳೇಲಿ ಬರೀರಿ. ದುಡ್ಡಿನ ಲೆಕ್ಕ ಯಾರದ್ದು. ಟೂರ್ ಪ್ರೋಗ್ರಾಂ ಯಾರದ್ದು. ಬೂತ್ ಮತ್ತು ಏಜೆಂಟರು ಯಾರದ್ದು. ಪರ್ಮಿಷನ್, ಪ್ರಿಂಟಿಂಗ್ ಯಾರದ್ದು. ಗಾಡಿ ಮತ್ತು ಊಟ ಯಾರದ್ದು. ಒಂದೊಂದಕ್ಕೆ ಒಂದೇ ಹೆಸರು, "ಇಬ್ಬರೂ ಸೇರಿ ನೋಡ್ಕೊಳ್ಳಿ" ಅನ್ನೋದು ಬೇಡವೇ ಬೇಡ, ಹಾಗಂದ್ರೆ ಇಬ್ಬರೂ ನೋಡ್ಕೊಳ್ಳಲ್ಲ. ಆ ಹಾಳೇಗೆ ಕ್ಯಾಂಡಿಡೇಟ್ ಸೈನ್ ಹಾಕ್ಬೇಕು, ಅದರ ಫೋಟೋ ಎಲ್ಲಾ ಹೋಬಳಿ ಮುಖಂಡರಿಗೂ ಹೋಗ್ಬೇಕು.

ಇಲ್ಲಿ ಒಂದು ತಪ್ಪು ನಾನು ಪದೇಪದೇ ನೋಡಿದೀನಿ. ಚುನಾವಣಾ ಏಜೆಂಟ್ ಅನ್ನೋ ಸ್ಥಾನವನ್ನ ಗೌರವಕ್ಕೆ ಕೊಡೋದು, ಮಾವನಿಗೋ ಹಿರಿಯ ಮುಖಂಡರಿಗೋ ಸಮಾಧಾನ ಮಾಡಕ್ಕೆ. ಅದು ಗೌರವದ ಪದವಿ ಅಲ್ಲ, ಫಾರಂ 8 ತುಂಬಿ ನೇಮಕ ಮಾಡೋ ಕಾನೂನಿನ ಜವಾಬ್ದಾರಿ, ಬೂತ್ ಏಜೆಂಟರ ನೇಮಕಕ್ಕೆ ಸೈನ್ ಹಾಕೋದು, ಖರ್ಚಿನ ಲೆಕ್ಕ ಇಡೋದು ಎಲ್ಲಾ ಅವರ ಮೇಲೆ ಬರತ್ತೆ. ದಿನಾ ಆಫೀಸಲ್ಲಿ ಕೂರೋನು, ಫೋನ್ ಎತ್ತೋನು, ಓದೋಕೆ ಬರೆಯೋಕೆ ಸೋಮಾರಿತನ ಇಲ್ಲದೋನು ಬೇಕು. ಹಿರಿಯರಿಗೆ ಪ್ರಚಾರ ಸಮಿತಿ ಅಧ್ಯಕ್ಷರು ಅಂತ ಮಾಡಿ, ಆಫೀಸ್ ಪೂಜೆ ಅವರ ಕೈಲೇ ಮಾಡಿಸಿ, ಕರಪತ್ರದಲ್ಲಿ ಮೊದಲ ಹೆಸರು ಹಾಕಿ.

ಆಮೇಲೆ ಕ್ಯಾಂಡಿಡೇಟ್ ಹತ್ರ ಒಂದು ಮಾತು ತಗೊಳ್ಳಿ: ಕಾರಲ್ಲಿ ತೀರ್ಮಾನ ಮಾಡಲ್ಲ ಅಂತ. ಇದು ಎಲ್ಲಕ್ಕಿಂತ ಮುಖ್ಯ ಅನ್ನಿಸತ್ತೆ ನಂಗೆ. ಆಫೀಸಲ್ಲಿ ಕೂತು ನಾಳೆ ಬೆಳಗ್ಗೆ ಇಂಥಾ ಪಂಚಾಯ್ತಿ, ಮಧ್ಯಾಹ್ನ ಇಂಥಾ ಪಂಚಾಯ್ತಿ ಅಂತ ಪ್ರೋಗ್ರಾಂ ಹಾಕಿರ್ತೀವಿ, ಊರೋರಿಗೆ ಹೇಳಿ ಆಗಿರತ್ತೆ, ಹೆಣ್ಮಕ್ಕಳು ಆರತಿ ತಟ್ಟೆ ರೆಡಿ ಮಾಡಿಟ್ಟಿರ್ತಾರೆ, ಬೆಳಗ್ಗೆ ಕಾರಿನ ಹಿಂದಿನ ಸೀಟಲ್ಲಿ ಹತ್ತಿ ಕೂತೋನು ಯಾರೋ "ಅಣ್ಣ ಆ ಊರು ನಮ್ದೇ, ಅಲ್ಲೇನೂ ತೊಂದ್ರೆ ಇಲ್ಲ, ಈ ಕಡೆ ಹೋಗಣ" ಅಂತಾನೆ, ಕಾರು ತಿರುಗತ್ತೆ. ಬಿಸಿಲಲ್ಲಿ ಎರಡು ಗಂಟೆ ಕಾದ ಊರಿನ ಮುಖಂಡನಿಗೆ ಊರ ಮುಂದೆ ಮಾನ ಹೋಯ್ತಲ್ಲ, ಅವನು ಅದನ್ನ ಮರೆಯಲ್ಲ. ಅವನಿಗೂ ಕಾರಲ್ಲಿ ಕೂತೋನಿಗೂ ಜಗಳ ಅವತ್ತೇ ಶುರು. ಕಾರಲ್ಲಿ ಯಾರು ಕೂರ್ಬೇಕು ಅನ್ನೋದೂ ದಿನಾ ಹಿಂದಿನ ರಾತ್ರಿ ಫಿಕ್ಸ್ ಆಗ್ಬೇಕು, ಆಯಾ ಪಂಚಾಯ್ತಿಯೋರು ಆಯಾ ಪಂಚಾಯ್ತಿ ಗಡಿಯಿಂದ ಹತ್ತಲಿ, ಗಡೀಲಿ ಇಳೀಲಿ.

ದುಡ್ಡು

ನಾನಿಲ್ಲಿ ಹೇಳ್ತಿರೋದು ಲೆಕ್ಕಕ್ಕೆ ಬರೋ ದುಡ್ಡಿನ ವಿಷ್ಯ. ವೋಟಿಗೆ ದುಡ್ಡು ಹಂಚೋದು ಅಪರಾಧ, ಅದನ್ನ ನಾನು ಮಾಡಿಲ್ಲ, ಹೇಳ್ಕೊಡೋದೂ ಇಲ್ಲ. ಅದೂ ಅಲ್ದೆ ಕಾರ್ಯಕರ್ತರ ನಡುವೆ ಇರೋ ನಂಬಿಕೆ ಪೂರ್ತಿ ಹಾಳಾಗೋದೇ ಅದ್ರಿಂದ, ಅವನು ತಿಂದ ಇವನು ತಿಂದ ಅನ್ನೋದು ಮುಂದಿನ ಎಲೆಕ್ಷನ್ ತನಕ ಮುಗಿಯಲ್ಲ.

ವಿಧಾನಸಭೆಗೆ ಒಬ್ಬ ಕ್ಯಾಂಡಿಡೇಟ್ ಖರ್ಚಿನ ಮಿತಿ 40 ಲಕ್ಷ, 2022ರಿಂದ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮುಂಚೆ ಎಲೆಕ್ಷನ್ನಿಗೆ ಅಂತಲೇ ಬೇರೆ ಬ್ಯಾಂಕ್ ಅಕೌಂಟ್ ತೆಗೀಬೇಕು. ಚುನಾವಣಾ ಆಯೋಗ ಕೊಡೋ ಲೆಕ್ಕದ ಪುಸ್ತಕದಲ್ಲಿ ಬಿಳಿ ಹಾಳೆ ದಿನದ ಖರ್ಚಿಗೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ಒಬ್ಬರಿಗೆ 10,000ಕ್ಕಿಂತ ಜಾಸ್ತಿ ಕ್ಯಾಶ್ ಕೊಡೋ ಹಂಗಿಲ್ಲ. ಪ್ರಚಾರದ ಟೈಮಲ್ಲಿ ಕನಿಷ್ಠ ಮೂರು ಸಲ ವೆಚ್ಚ ವೀಕ್ಷಕರ ಮುಂದೆ ಪುಸ್ತಕ ತೋರಿಸ್ಬೇಕು. ಜನ ಇದನ್ನೆಲ್ಲ ತಲೆನೋವು ಅಂತಾರೆ, ನಂಗೆ ಇದು ಜಗಳ ನಿಲ್ಲಿಸೋ ಆಯುಧ ಅನ್ನಿಸ್ತು. ಯಾರಾದ್ರೂ ಬಂದು "ನಮ್ಮ ಹೋಬಳಿಗೆ ಕಮ್ಮಿ, ಅವರಿಗೆ ಜಾಸ್ತಿ" ಅಂದ್ರೆ ಪುಸ್ತಕ ತೆಗೆದು ಮುಂದಿಡಿ. ಡೀಸೆಲ್‌ಗೆ ಕೂಪನ್, ಊಟಕ್ಕೆ ಒಂದೇ ಹೋಟೆಲಿನ ಬಿಲ್, ಬೂತಿಗೆ ಇಷ್ಟು ಅಂತ ವೋಟರ್ ಸಂಖ್ಯೆ ಮೇಲೆ ಲೆಕ್ಕ. ಬೂತ್ ಲೆಕ್ಕದಲ್ಲಿ ಹಂಚಿದ್ರೆ ಯಾರ ಮುಖ ನೋಡಿ ಕೊಟ್ರು ಅನ್ನೋ ಮಾತು ಬರಲ್ಲ.

ರಾಜ್ಯ ನಾಯಕರ ಸಭೆ ಇಟ್ಕೊಂಡಾಗ ಇನ್ನೊಂದು ಎಚ್ಚರ. ಸ್ಟಾರ್ ಪ್ರಚಾರಕರು ಬಂದು ಹೋಗೋ ಖರ್ಚು ಪಾರ್ಟೀದು, ಆದ್ರೆ ವೇದಿಕೆ ಮೇಲೆ ನಿಮ್ಮ ಕ್ಯಾಂಡಿಡೇಟ್ ಕೂತ್ರೆ ಅಥವಾ ಅವರ ಹೆಸ್ರು ಫೋಟೋ ಇದ್ರೆ ಆ ಸಭೆ ಖರ್ಚು ನಿಮ್ಮ ಲೆಕ್ಕಕ್ಕೆ ಬರತ್ತೆ. ಯಾರೋ ಒಬ್ಬ ಮುಖಂಡ ತನ್ನ ಬಲ ತೋರಿಸಕ್ಕೆ ಆಫೀಸಿಗೆ ಹೇಳದೇ ದೊಡ್ಡ ಸಭೆ ಒಪ್ಪಿಸ್ಕೊಂಡು ಬಂದ್ರೆ ಅದರ ಬಿಲ್ ನಿಮ್ಮ ತಲೆಗೆ. ಹಾಗೇನೇ ಕರಪತ್ರ. ಮುದ್ರಕರ ಹೆಸರು, ಪ್ರಕಾಶಕರ ಹೆಸರು, ವಿಳಾಸ ಇಲ್ಲದ ಕರಪತ್ರ ಪ್ರಿಂಟ್ ಮಾಡ್ಸೋದು ಪ್ರಜಾಪ್ರತಿನಿಧಿ ಕಾಯ್ದೆ 127ಎ ಪ್ರಕಾರ ತಪ್ಪು. ಗುಂಪಿನೋರು ತಮ್ಮ ನಾಯಕನ ಫೋಟೋ ದೊಡ್ಡದಾಗಿ ಹಾಕಿಸ್ಕೊಂಡು ತಾವೇ ಪ್ರಿಂಟ್ ಮಾಡಿಸ್ತಾರಲ್ಲ, ಅಲ್ಲಿ ಈ ತಪ್ಪು ಆಗೇ ಆಗತ್ತೆ. ಪ್ರಿಂಟಿಂಗ್ ಒಂದೇ ಬಾಗಿಲಿಂದ ಹೋಗ್ಲಿ.

ಇಬ್ಬರು ಆಗದೋರನ್ನ ಒಂದೇ ಜೀಪಿಗೆ ಹತ್ತಿಸ್ಬೇಡಿ

"ಒಗ್ಗಟ್ಟು ತೋರಿಸ್ಬೇಕು" ಅಂತ ಹೇಳಿ ಹತ್ತು ವರ್ಷದಿಂದ ಮುಖ ನೋಡದೇ ಇರೋ ಇಬ್ಬರನ್ನ ಪ್ರಚಾರ ಜೀಪಲ್ಲಿ ಅಕ್ಕಪಕ್ಕ ನಿಲ್ಲಿಸ್ತೀವಿ. ಒಂದು ದಿನಕ್ಕೆ, ಫೋಟೋಗೆ ಸರಿ. ದಿನಾ ನಿಲ್ಲಿಸಿದ್ರೆ ದಿನಾ ಒಂದು ಕಿರಿಕಿರಿ, ಯಾರಿಗೆ ಮೊದ್ಲು ಹಾರ, ಯಾರು ಕೊನೇಲಿ ಮಾತಾಡ್ಬೇಕು, ಯಾರ ಕೈಗೆ ಮೈಕು. ಅದ್ರ ಬದ್ಲು ಮ್ಯಾಪ್ ತಗೊಂಡು ಭಾಗ ಮಾಡಿ. ದೊಡ್ಡ ಮಟ್ಟದಲ್ಲಿ ಇದನ್ನ ಚೆನ್ನಾಗಿ ಮಾಡಿದ್ದು 2023ರ ಕಾಂಗ್ರೆಸ್ಸು. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಇಬ್ಬರ ಕಣ್ಣೂ ಒಂದೇ ಕುರ್ಚಿ ಮೇಲಿದೆ ಅನ್ನೋದು ರಾಜ್ಯಕ್ಕೇ ಗೊತ್ತಿತ್ತು. ಪ್ರಜಾಧ್ವನಿ ಯಾತ್ರೆ ಜನವರಿಯಲ್ಲಿ ಬೆಳಗಾವಿಯಿಂದ ಇಬ್ಬರೂ ಜೊತೇಲೇ ಶುರು ಮಾಡಿದ್ರು, ಫೆಬ್ರವರಿಯಲ್ಲಿ ಬೇರೆ ಬೇರೆ ಬಸ್ ಹತ್ತಿದ್ರು: ಸಿದ್ದರಾಮಯ್ಯ ಬಸವಕಲ್ಯಾಣದಿಂದ ಉತ್ತರ ಭಾಗಕ್ಕೆ, ಡಿಕೆಶಿ ಮುಳಬಾಗಿಲು ಹತ್ರದ ಕುರುಡುಮಲೆಯಿಂದ ದಕ್ಷಿಣಕ್ಕೆ. ಗೆದ್ದಿದ್ದು 135. ಬೇರೆ ಕಾರಣಾನೂ ಬೇಕಾದಷ್ಟಿದ್ವು ಅನ್ನಿ, ಆದ್ರೆ ಪೈಪೋಟಿಯನ್ನ ಮುಚ್ಚಿಡೋ ಬದ್ಲು ಅದಕ್ಕೆ ಬೇರೆ ಬೇರೆ ದಾರಿ ಮಾಡಿಕೊಟ್ರು. ನಿಮ್ಮ ತಾಲೂಕಲ್ಲೂ ಇದೇ ಮಾಡಿ, ಇಬ್ಬರಿಗೂ ಬೇರೆ ಬೇರೆ ಹೋಬಳಿ, ಕೊನೇಗೆ ಯಾರ ಹೋಬಳೀಲಿ ಲೀಡ್ ಎಷ್ಟು ಅಂತ ಬೂತ್ ಲೆಕ್ಕ ಬರತ್ತೆ. ಹಠ ಇರೋರು ಆ ಹಠಾನ ಲೀಡಲ್ಲಿ ತೋರಿಸ್ತಾರೆ.

ಮೇಲಿನೋರು ಕೈ ಕುಲುಕಿದ್ರೆ ಕೆಳಗಿನೋರು ಒಂದಾಗಲ್ಲ

ಮೈತ್ರಿ ಇದ್ರೆ, ಅಥವಾ ಬೇರೆ ಪಾರ್ಟಿಯಿಂದ ಬಂದೋರು ಕ್ಯಾಂಡಿಡೇಟ್ ಆದ್ರೆ, ಕೆಲಸ ಎರಡು ಪಟ್ಟು. ಮಂಡ್ಯ 2019 ನೆನಪು ಮಾಡ್ಕೊಳ್ಳಿ. ಹಿಂದಿನ ವರ್ಷವಷ್ಟೇ ಆ ಲೋಕಸಭಾ ಕ್ಷೇತ್ರದ ಎಂಟಕ್ಕೆ ಎಂಟೂ ವಿಧಾನಸಭಾ ಸೀಟು ಜೆಡಿಎಸ್ ಗೆದ್ದಿತ್ತು, ಮೇಲೆ ಕಾಂಗ್ರೆಸ್ ಜೊತೆ ಮೈತ್ರಿ ಸರ್ಕಾರ, ಮುಖ್ಯಮಂತ್ರಿ ಮಗನೇ ಕ್ಯಾಂಡಿಡೇಟ್. ಕಾಗದದ ಮೇಲೆ ಸೋಲೋಕೆ ಸಾಧ್ಯವೇ ಇಲ್ಲ. ಸುಮಲತಾ ಪಕ್ಷೇತರ ನಿಂತು 1,25,876 ವೋಟಲ್ಲಿ ಗೆದ್ರು. ಹಳ್ಳೀಲಿ ತಲೆಮಾರಿನಿಂದ ಜೆಡಿಎಸ್ ವಿರುದ್ಧ ಬಡಿದಾಡಿ, ಕೇಸು ಹಾಕಿಸ್ಕೊಂಡು, ಕೋರ್ಟು ಅಲೆದಿರೋ ಕಾಂಗ್ರೆಸ್ ಕಾರ್ಯಕರ್ತನಿಗೆ ಬೆಂಗಳೂರಲ್ಲಿ ಯಾರೋ ಕೈ ಕುಲುಕಿದ್ರು ಅಂತ ಹೇಳಿ ಜೆಡಿಎಸ್‌ನ ಹೊರೆ ಹೊತ್ತ ರೈತ ಮಹಿಳೆ ಗುರುತಿಗೆ ಒತ್ತು ಅಂದ್ರೆ ಒತ್ತಲ್ಲ. ಅದೇ ಎಲೆಕ್ಷನ್ನಲ್ಲಿ ತುಮಕೂರಲ್ಲಿ ಹಾಲಿ ಕಾಂಗ್ರೆಸ್ ಸಂಸದ ಮುದ್ದಹನುಮೇಗೌಡ್ರ ಸೀಟು ಜೆಡಿಎಸ್‌ಗೆ ಹೋಯ್ತು, ಅವರು ಬಂಡಾಯವಾಗಿ ನಾಮಪತ್ರ ಹಾಕಿ ಆಮೇಲೆ ವಾಪಸ್ ತಗೊಂಡ್ರು, ಅಲ್ಲಿ ಜೆಡಿಎಸ್‌ನಿಂದ ನಿಂತಿದ್ದ ದೇವೇಗೌಡ್ರು 13,339 ವೋಟಲ್ಲಿ ಸೋತ್ರು. ನಾಮಪತ್ರ ವಾಪಸ್ ಬಂದ್ರೂ ಮನಸ್ಸು ವಾಪಸ್ ಬಂದಿದೆ ಅಂತ ಅಂದ್ಕೊಳ್ಳಕ್ಕಾಗಲ್ಲ.

ಇಂಥಾ ಕಡೆ ಜಂಟಿ ಸಭೆ ತಾಲೂಕು ಕೇಂದ್ರದಲ್ಲಿ ಕಲ್ಯಾಣ ಮಂಟಪದಲ್ಲಿ ಮಾಡಿ ಸಾಕು ಮಾಡ್ಬೇಡಿ. ಊರಿಗೆ ಹೋಗಿ, ಎರಡೂ ಕಡೆಯ ಇಬ್ಬಿಬ್ಬರನ್ನ ಅರಳಿಕಟ್ಟೆಲೋ ದೇವಸ್ಥಾನದ ಜಗಲೀಲೋ ಕೂರಿಸಿ, ಆ ಊರಿನ ನಿಜವಾದ ತಕರಾರು ಏನು ಕೇಳಿ. ಬಹಳ ಸಲ ಅದು ಜಮೀನಿನ ದಾರಿ ಅಥವಾ ಡೇರಿ ಎಲೆಕ್ಷನ್ ಅಥವಾ ಹಬ್ಬದಲ್ಲಿ ಯಾರಿಗೆ ಮೊದಲ ತೀರ್ಥ ಅನ್ನೋದು. ಅದನ್ನ ನೀವು ಬಗೆಹರಿಸಕ್ಕೆ ಹೋಗ್ಬೇಡಿ, ನಿಮ್ಮ ಕೈಲಿ ಆಗಲ್ಲ. ಬೂತ್ ಕೆಲಸ ಮಾತ್ರ ಭಾಗ ಮಾಡಿ: ವೋಟರ್ ಲಿಸ್ಟಿನ ಈ ಪುಟಗಳು ನಿಮ್ದು, ಈ ಪುಟಗಳು ಅವರ್ದು. ಒಬ್ಬರ ಮುಖ ಒಬ್ಬರು ನೋಡದೇನೂ ಕೆಲಸ ನಡೆಯೋ ಹಂಗೆ ಮಾಡಿ.

ಮನೆಯೋರು, ವಾಟ್ಸಾಪು

ಕ್ಯಾಂಡಿಡೇಟ್ ತಮ್ಮ, ಭಾಮೈದ, ಮಗ ಇವರಿಗೆ ಕೆಲಸ ಕೊಡಿ, ಆದ್ರೆ ಅಧಿಕಾರ ಬೇಡ. ಅವರು ಏನ್ ಹೇಳಿದ್ರೂ ಕ್ಯಾಂಡಿಡೇಟೇ ಹೇಳಿದಂಗೆ ಅಂತ ಜನ ತಗೊತಾರೆ, ಒಬ್ಬ ಭಾಮೈದ ಬ್ಲಾಕ್ ಅಧ್ಯಕ್ಷರಿಗೆ ಏಕವಚನದಲ್ಲಿ ಮಾತಾಡಿದ್ದು ಸಂಜೆ ಒಳಗೆ ಇಡೀ ತಾಲೂಕಿಗೆ ಗೊತ್ತಾಗಿದ್ದನ್ನ ನಾನೇ ಕಂಡಿದೀನಿ. ಮನೆ ಹೆಣ್ಮಕ್ಕಳು ಮನೆಮನೆ ಪ್ರಚಾರಕ್ಕೆ ಹೋದ್ರೆ ಮಾತ್ರ ನಿಜಕ್ಕೂ ಉಪಯೋಗ, ಗಂಡಸರಿಗೆ ಅಡುಗೆ ಮನೆ ಮಾತು ಗೊತ್ತಾಗಲ್ಲ, ಅವರು ವಾಪಸ್ ಬಂದು ಹೇಳೋ ಸುದ್ದೀನ ದಿನಾ ಬರ್ಕೊಳ್ಳಿ.

ವಾಟ್ಸಾಪ್ ಬಗ್ಗೆ ಜಾಸ್ತಿ ಹೇಳಲ್ಲ. ಆಫೀಸ್ ಗ್ರೂಪಲ್ಲಿ ಅಡ್ಮಿನ್ ಮಾತ್ರ ಬರೆಯೋ ಹಂಗೆ ಸೆಟ್ಟಿಂಗ್ ಹಾಕಿ. ತಕರಾರು ಇದ್ರೆ ಫೋನಲ್ಲಿ, ಬರಹದಲ್ಲಿ ಬೇಡ. ಗ್ರೂಪಲ್ಲಿ ಬೈದಿದ್ದು ಸ್ಕ್ರೀನ್‌ಶಾಟ್ ಆಗಿ ಹತ್ತು ನಿಮಿಷದಲ್ಲಿ ಎದುರು ಪಾರ್ಟಿ ಕೈಲಿರತ್ತೆ.

ಒಳಏಟು ಅಂತ ಅನುಮಾನ ಬಂದಾಗ

ಕೊನೇ ವಾರದಲ್ಲಿ ದಿನಾ ಯಾರಾದ್ರೂ ಬಂದು ಕಿವೀಲಿ ಹೇಳ್ತಾರೆ, ಇಂಥೋರು ಒಳಗೊಳಗೇ ಎದುರು ಕಡೆಗೆ ಮಾಡ್ತಿದ್ದಾರೆ ಅಂತ. ಹತ್ತರಲ್ಲಿ ಏಳೆಂಟು ಸುಳ್ಳು ಇರತ್ತೆ, ಹೇಳೋನಿಗೇ ಅವರ ಮೇಲೆ ಸಿಟ್ಟು. ಹಂಗಂತ ಕಣ್ಮುಚ್ಕೊಂಡು ಕೂರಕ್ಕಾಗಲ್ಲ. ನಾನು ನೋಡೋದು ಮೂರು ವಿಷ್ಯ: ವೋಟರ್ ಸ್ಲಿಪ್ ಆ ಊರಲ್ಲಿ ಮನೆಮನೆಗೆ ಹೋಗಿದೆಯಾ, ಬೂತ್ ಏಜೆಂಟ್ ಹೆಸ್ರು ಟೈಮಿಗೆ ಕೊಟ್ಟಿದ್ದಾರಾ, ಕೊಟ್ಟ ಹೆಸ್ರಿನ ಹುಡುಗನಿಗೆ ತಾನು ಏಜೆಂಟ್ ಅಂತ ಗೊತ್ತಿದೆಯಾ. ಅವನಿಗೇ ಫೋನ್ ಮಾಡಿ ಕೇಳಿ. ಮೂರೂ ಆಗಿದ್ರೆ ಮುಖಂಡ ಯಾರ ಜೊತೆ ಟೀ ಕುಡಿದ್ರೂ ತಲೆ ಕೆಡಿಸ್ಕೊಬೇಡಿ. ಮೂರೂ ಆಗಿಲ್ಲ ಅಂದ್ರೆ ಅವರ ಹತ್ರ ಜಗಳ ಆಡ್ಬೇಡಿ, ಟಿವಿ ಮುಂದೆ ದ್ರೋಹಿ ಅಂತ ಅನ್ನಲೇಬೇಡಿ, ಅದೇ ಊರಿನ ಇನ್ನೊಬ್ಬರಿಗೆ ಸದ್ದಿಲ್ಲದೇ ಎರಡನೇ ಸೆಟ್ ಸ್ಲಿಪ್ ತಲುಪಿಸಿ. ಆ ಸ್ಲಿಪ್ಪು ಬಿಳೀ ಹಾಳೇಲಿ ಇರ್ಬೇಕು, ಚಿಹ್ನೆ, ಪಾರ್ಟಿ ಹೆಸ್ರು, ಕ್ಯಾಂಡಿಡೇಟ್ ಹೆಸ್ರು ಏನೂ ಇರ್ಬಾರ್ದು.

ಕೊನೇ 48 ಗಂಟೆ

ಇಲ್ಲಿ ಬಹಳ ಆಫೀಸುಗಳು ಮುಗ್ಗರಿಸೋದು. ಬಹಿರಂಗ ಪ್ರಚಾರ ಮುಗಿದ ಕೂಡ್ಲೇ ಆ ಕ್ಷೇತ್ರದ ವೋಟರ್ ಅಲ್ಲದ ರಾಜಕೀಯ ಕಾರ್ಯಕರ್ತರು ಎಲ್ಲಾ ಕ್ಷೇತ್ರ ಬಿಟ್ಟು ಹೋಗ್ಬೇಕು. ಅಂದ್ರೆ ಎರಡು ವಾರ ಗುಂಪುಗಳ ನಡುವೆ ನಿಂತು ಸಮಾಧಾನ ಮಾಡ್ತಿದ್ದ ಬೆಂಗಳೂರಿನ ಉಸ್ತುವಾರಿ, ಪಕ್ಕದ ಜಿಲ್ಲೆಯ ಎಂಎಲ್‌ಎ, ಕಾಲ್ ಸೆಂಟರ್ ಹುಡುಗ್ರು ಎಲ್ಲಾ ಒಂದೇ ಸಂಜೆ ಖಾಲಿ. ಉಳಿಯೋದು ಆಗದೇ ಇರೋ ಸ್ಥಳೀಯ ಗುಂಪುಗಳೇ. ಅದಕ್ಕೇ ಹೊರಗಿನೋರ ಕೈಲಿರೋ ಪ್ರತಿ ಲಿಸ್ಟು, ಪ್ರತಿ ಫೋನ್ ನಂಬರು, ಯಾವ ಊರಲ್ಲಿ ಯಾರು ಮುನಿಸ್ಕೊಂಡಿದ್ದಾರೆ ಅನ್ನೋದು ಸಹ, ಅದರ ಹಿಂದಿನ ದಿನವೇ ಸ್ಥಳೀಯ ಒಬ್ಬರ ಕೈಗೆ ಬರ್ಬೇಕು.

ಬೂತ್ ಲಿಸ್ಟಲ್ಲಿ ಪ್ರತಿ ಬೂತಿಗೆ ಒಬ್ಬ ಏಜೆಂಟ್, ಇಬ್ಬರು ಬದಲಿ, ಮೂರೂ ಜನರ ನೇಮಕದ ಫಾರಂ 10 ರೆಡಿ. ಈಗ ಮೆಷಿನ್ ಪರೀಕ್ಷೆ ಮಾಡೋ ಅಣಕು ಮತದಾನ ವೋಟಿಂಗ್ ಶುರುವಾಗೋ 90 ನಿಮಿಷ ಮುಂಚೆ, ಏಳಕ್ಕೆ ಶುರು ಅಂದ್ರೆ ಐದೂವರೆಗೆ ನಿಮ್ಮೋನು ಒಳಗಿರ್ಬೇಕು. ತಿಂಡಿ ಯಾರು ಕೊಡ್ತಾರೆ, ಊಟ ಯಾರು ಕೊಡ್ತಾರೆ, ಅವರ ನಂಬರು, ಅದೇ ಹಾಳೇಲಿ, ಬೂತಿನ ಹೆಸ್ರಿನ ಪಕ್ಕದಲ್ಲೇ. ಊಟದ ಕೆಲಸಾನ ಯಾವ ಗುಂಪಿಗೂ ಸೇರದೋರಿಗೆ ಕೊಡಿ, 2023ರಲ್ಲಿ ನಾನು ನಾಲ್ಕು ಆಟೋದವರಿಗೆ ರೂಟ್ ಹಾಕ್ಕೊಟ್ಟು ಒಂದೇ ಹೋಟೆಲಿಂದ ಕಳಿಸಿದೆ, ಒಂದು ಬೂತಿಂದಾನೂ ಫೋನ್ ಬರಲಿಲ್ಲ. ಮತದಾನ ಮುಗಿದ ಮೇಲೆ ಏಜೆಂಟ್ ಬೂತಲ್ಲಿ ಎಷ್ಟು ವೋಟ್ ಬಿತ್ತು ಅನ್ನೋ ಲೆಕ್ಕದ ಫಾರಂ 17ಸಿ ಪ್ರತಿ ಇಸ್ಕೊಳ್ದೇ ಎದ್ದು ಬರ್ಬಾರ್ದು, ಎಣಿಕೆ ದಿನ ನಿಮ್ಮ ಕೈಲಿರೋ ಲೆಕ್ಕ ಅದೊಂದೇ.

ನಿಮ್ಮ ಆಫೀಸಲ್ಲಿ ಕೆಲಸ ಮಾಡೋ ಎಲ್ಲರೂ, ಡ್ರೈವರು, ಅಡುಗೆಯವರು, ಮೈಕಿನೋನು, ಬೆಳಗ್ಗೆ ಹತ್ತರ ಒಳಗೆ ವೋಟ್ ಹಾಕಿರ್ಬೇಕು, ಲಿಸ್ಟ್ ಇಟ್ಕೊಂಡು ಟಿಕ್ ಮಾಡಿ. 2004ರಲ್ಲಿ ಸಂತೇಮರಹಳ್ಳೀಲಿ ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ವೋಟು. ಕೃಷ್ಣಮೂರ್ತಿ ಅವರ ಡ್ರೈವರ್‌ಗೇ ಅವತ್ತು ವೋಟ್ ಹಾಕಕ್ಕೆ ಬಿಡುವು ಸಿಗಲಿಲ್ಲ ಅಂತ ಆಮೇಲೆ ಎಷ್ಟೋ ಸಲ ಪೇಪರಲ್ಲಿ ಬಂದಿದೆ. ಕೃಷ್ಣಮೂರ್ತಿ ಮತ್ತೆ ಗೆದ್ದು ವಿಧಾನಸೌಧಕ್ಕೆ ಬಂದಿದ್ದು 2023ರಲ್ಲಿ, ಕೊಳ್ಳೇಗಾಲದಿಂದ. ಅದೇ 2023ರಲ್ಲಿ ಜಯನಗರದಲ್ಲಿ ಗೆಲುವಿನ ಅಂತರ 16 ವೋಟು, ಅದೂ ಮರು ಎಣಿಕೆ ಆಗಿ ರಾತ್ರಿ ತನಕ ಎಳೆದಾಡಿ. ಕೌಂಟಿಂಗ್ ಏಜೆಂಟ್ ಪಾಸನ್ನ ಮುಖಂಡರ ಮಕ್ಕಳಿಗೆ ನೋಡ್ಲಿ ಅಂತ ಹಂಚ್ಬೇಡಿ, ಅಂಚೆ ಮತದ ಟೇಬಲಿಗೆ ನಿಯಮ ಓದಿರೋನೇ ಬೇಕು.

ರಿಸಲ್ಟ್ ಆದ ಮೇಲೆ

ಗೆಲ್ಲಿ ಸೋಲಿ, ರಿಸಲ್ಟ್ ಬಂದ 30 ದಿನದ ಒಳಗೆ ಖರ್ಚಿನ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿಗೆ ಕೊಡ್ಬೇಕು, ಸರಿಯಾದ ಕಾರಣ ಇಲ್ಲದೇ ಕೊಡದಿದ್ರೆ ಮೂರು ವರ್ಷ ಅನರ್ಹ ಮಾಡ್ಬೋದು. ಸೋತ ಆಫೀಸಲ್ಲಿ ಮಾರನೇ ದಿನ ಒಬ್ಬರೂ ಇರಲ್ಲ, ಬಿಲ್ ಹಿಡ್ಕೊಂಡು ಬರೋರು ಮಾತ್ರ ಇರ್ತಾರೆ. ಲೆಕ್ಕದ ಹುಡುಗನಿಗೂ ಚುನಾವಣಾ ಏಜೆಂಟಿಗೂ ರಿಸಲ್ಟ್ ಆಗಿ ಹತ್ತು ದಿನ ಆಫೀಸಿಗೆ ಬರ್ಲೇಬೇಕು ಅಂತ ಮೊದಲೇ ಮಾತು ತಗೊಳ್ಳಿ. ಶಾಮಿಯಾನದೋನು, ಮೈಕಿನೋನು, ಆಟೋದೋರು, ಹೋಟೆಲು, ಪ್ರಿಂಟಿಂಗ್ ಪ್ರೆಸ್ಸು, ಈ ಐದು ಬಾಕಿ ಮೊದ್ಲು ತೀರಿಸಿ, ಯಾಕಂದ್ರೆ ಇವರೆಲ್ಲ ಯಾರೋ ಒಬ್ಬ ಕಾರ್ಯಕರ್ತನ ಮುಖ ನೋಡಿ ಸಾಲ ಕೊಟ್ಟಿರ್ತಾರೆ, ನೀವು ಕೊಡದೇ ಹೋದ್ರೆ ಊರಲ್ಲಿ ಅವರು ದಿನಾ ಹೋಗಿ ನಿಲ್ಲೋದು ಆ ಹುಡುಗನ ಮನೆ ಮುಂದೆ. ಕೊಟ್ಟ ಮೇಲೆ ರಸೀದಿ ಇಸ್ಕೊಳ್ಳಿ, ತಾರೀಖು ಹಾಕಿಸಿ, ಬಿಳೀ ಹಾಳೇಲಿ ಎಂಟ್ರಿ ಮಾಡಿಸಿ, ಆಮೇಲೆ ಆ ಹುಡುಗನಿಗೆ ಫೋನ್ ಮಾಡಿ ಬಾಕಿ ಚುಕ್ತಾ ಆಗಿದೆ ಅಂತ ಹೇಳಿ.